ಸ್ಟ್ರೈಟನಿಂಗ್ ಮಾಡಿಸಿಕೊಂಡಿರುವ ಗ್ರಾಹಕರಿಗೆ: ಜೂನ್ 1ರಿಂದ ಹೊಸ ಕ್ರಮ

ಮಾನ್ಯ ಗ್ರಾಹಕರೆ,

ಒಮ್ಮೆ ಸ್ಟ್ರೈಟನಿಂಗ್ ಆಗಿರುವ ಕೂದಲಿಗೆ ಮಂಗಳೂರಿನ ನಮ್ಮ ಪುರುಷರ ಸಲೂನಿನಲ್ಲಿ ಜೂನ್ 1ರಿಂದ ಮತ್ತೊಮ್ಮೆ ಗುಂಗುರನ್ನು ನೆಟ್ಟಗಾಗಿಸುವ ಆ ಕ್ರೀಮನ್ನು ಹಚ್ಚುವುದಿಲ್ಲ. ಹೊಸದಾಗಿ ಬೆಳೆದ ಬುಡದ ಭಾಗಕ್ಕೆ ಮಾತ್ರ, ಅದೂ ಹಿಂದಿನ ಸಲದಿಂದ ಆರು ತಿಂಗಳು ಕಳೆದ ಮೇಲೆ, ಹಚ್ಚುತ್ತೇವೆ. ಕೆದರಿದ ಕೂದಲನ್ನು ನುಣುಪಾಗಿಸಲು ಮಾಡಿಕೊಡುತ್ತಿದ್ದ ಕೆರಾಟಿನ್ ಟ್ರೀಟ್‌ಮೆಂಟನ್ನು ಅದೇ ದಿನದಿಂದ ಪೂರ್ತಿಯಾಗಿ ನಿಲ್ಲಿಸುತ್ತಿದ್ದೇವೆ.

ಮಳೆ ಹಿಡಿದೊಡನೆ ಅನೇಕರು ‘ಸ್ಟ್ರೈಟನಿಂಗ್ ಬಿಟ್ಟುಹೋಗಿದೆ, ಇನ್ನೊಮ್ಮೆ ಮಾಡಿಕೊಡಿ’ ಎಂದು ಕೇಳುತ್ತಾರೆ. ಆದರೆ ಅಂಥ ಕೂದಲನ್ನು ನೀರಿನಲ್ಲಿ ನೆನೆಸಿ ನೋಡಿದರೆ, ಬುಡದ ಹೊಸ ಬೆಳವಣಿಗೆಯೊಂದನ್ನು ಬಿಟ್ಟು ಉಳಿದದ್ದು ನೆಟ್ಟಗೇ ಇರುತ್ತದೆ. ಅಂದರೆ ಗುಂಗುರು ಮರಳಿ ಬಂದಿಲ್ಲ, ಕೂದಲಿನ ಮೇಲ್ಪದರ ಸವೆದಿದೆ. ನಾವು ಬಳಸುವ ಥಯೋಗ್ಲೈಕೊಲೇಟ್ ಕ್ರೀಮ್ ಕೂದಲಿನೊಳಗಿನ ಗಂಧಕದ ಬಂಧಗಳನ್ನು ಬಿಡಿಸುತ್ತದೆ. ಐರನ್ ಎಳೆದು ನೆಟ್ಟಗೆ ಮಾಡಿದ ಮೇಲೆ ನ್ಯೂಟ್ರಲೈಜರ್ ಆ ಬಂಧಗಳನ್ನು ಹೊಸ ಆಕಾರದಲ್ಲಿ ಮತ್ತೆ ಕೂಡಿಸುತ್ತದೆ, ಆದರೆ ಎಲ್ಲವನ್ನೂ ಅಲ್ಲ. ಕ್ರೀಮಿನ ಕ್ಷಾರಗುಣದಿಂದಾಗಿ ಕೂದಲಿನ ಹೊರಮೈಗೆ ಅಂಟಿಕೊಂಡಿರುವ ಸಹಜ ಜಿಡ್ಡಿನ ಪದರವೂ ಹೋಗುತ್ತದೆ. ಆ ರಕ್ಷಣೆ ಇಲ್ಲದ ಕೂದಲು ಕರಾವಳಿಯ ಗಾಳಿಯ ತೇವವನ್ನು ಒಂದೊಂದು ಕಡೆ ಒಂದೊಂದು ರೀತಿ ಹೀರಿ ಉಬ್ಬುತ್ತದೆ ಮತ್ತು ಪೊರಕೆಯ ಕಡ್ಡಿಗಳಂತೆ ಸೆಟೆದು ನಿಲ್ಲುತ್ತದೆ. ಅದರ ಮೇಲೆ ಮತ್ತೊಮ್ಮೆ ಕ್ರೀಮ್ ಹಚ್ಚಿದರೆ ಕೆಲವು ದಿನ ನುಣುಪಾಗಿ ಕಂಡು, ಆಮೇಲೆ ನಡುವೆಯೇ ತುಂಡಾಗುತ್ತದೆ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಪ್ರತಿ ತಿಂಗಳೂ ಕಟಿಂಗ್ ಮಾಡಿಸಿಕೊಂಡು ಕೂದಲನ್ನು ಗಿಡ್ಡವಾಗಿಯೇ ಇಟ್ಟುಕೊಳ್ಳುವವರಿಗೆ ಆರು ತಿಂಗಳಲ್ಲಿ ನೆಟ್ಟಗಾದ ಭಾಗವೆಲ್ಲ ಹೆಚ್ಚುಕಡಿಮೆ ಕತ್ತರಿಗೇ ಹೋಗಿರುತ್ತದೆ. ಅಂಥವರು ಸ್ಟ್ರೈಟನಿಂಗಿಗೆ ಹಣ ಹಾಕದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ತಿರುಪತಿಗೋ ಧರ್ಮಸ್ಥಳಕ್ಕೋ ಮುಡಿ ಕೊಡುವ ಹರಕೆ ಹೊತ್ತಿರುವವರು ಅದನ್ನು ತೀರಿಸಿದ ಮೇಲೆಯೇ ಬರಬೇಕಾಗಿ ವಿನಂತಿ.

ಕೆರಾಟಿನ್ ಟ್ರೀಟ್‌ಮೆಂಟನ್ನು ನಿಲ್ಲಿಸುವುದಕ್ಕೆ ಕಾರಣ ಬೇರೆಯದು. ಈ ಬಗೆಯ ಅನೇಕ ದ್ರವಗಳು ಬಿಸಿ ಐರನ್ ತಗುಲಿದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಬರೆದುಕೊಂಡು ಬರುವ ಹಲವು ಬಾಟಲಿಗಳಲ್ಲಿ ಅದರ ಬದಲು ಗ್ಲೈಆಕ್ಸಿಲಿಕ್ ಆಮ್ಲವಿರುತ್ತದೆ. ಇಂಥ ಕ್ರೀಮಿನಿಂದ ಕೂದಲು ನೆಟ್ಟಗೆ ಮಾಡಿಸಿಕೊಂಡ ಪ್ರತಿ ಸಲವೂ ಮೂತ್ರಪಿಂಡಕ್ಕೆ ಹಾನಿಯಾದ ಯುವತಿಯೊಬ್ಬರ ಪ್ರಕರಣವನ್ನು 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿತು. ಬಿಸಿ ಐರನ್ ತಗುಲಿದಾಗ ಏಳುವ ಹೊಗೆಯಲ್ಲಿ ನೀವು ಕೆಲವು ಗಂಟೆ ಕುಳಿತಿರುತ್ತೀರಿ, ನಮ್ಮ ಹುಡುಗರು ಎಸಿ ಹಾಕಿ ಮುಚ್ಚಿದ ಕೋಣೆಯಲ್ಲಿ ದಿನವಿಡೀ ನಿಂತಿರುತ್ತಾರೆ.

ಕೆದರುವುದನ್ನು ತಡೆಯುವ ಕೆಲಸ ಹೆಚ್ಚಾಗಿ ಮನೆಯಲ್ಲೇ ಆಗಬೇಕಾದದ್ದು. ತಲೆ ತೊಳೆಯುವ ಮೊದಲು, ಸಾಧ್ಯವಾದರೆ ಹಿಂದಿನ ರಾತ್ರಿ, ಸ್ವಲ್ಪ ತೆಂಗಿನೆಣ್ಣೆಯನ್ನು ಕೂದಲಿನ ಉದ್ದಕ್ಕೂ ಹಚ್ಚಿ. ಅದು ಕೂದಲಿನೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ಕಡಿಮೆ ಮಾಡುತ್ತದೆ. ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗಳಿಗೆ ಎಂಬುದನ್ನು ನೆನಪಿಡಿ, ಏಕೆಂದರೆ ನಮ್ಮ ಗಂಡಸರಲ್ಲಿ ಬಹಳಷ್ಟು ಮಂದಿ ಎರಡನ್ನೂ ಸೋಪಿನ ಹಾಗೆ ತಲೆಗೆಲ್ಲ ಉಜ್ಜಿ ಮುಗಿಸುತ್ತಾರೆ. ಟವೆಲಿನಿಂದ ತಿಕ್ಕದೆ ಒತ್ತಿ ನೀರು ತೆಗೆದು, ಇನ್ನೂ ತೇವವಿರುವಾಗಲೇ ಎರಡು ಹನಿ ಸಿಲಿಕೋನ್ ಸೀರಮ್ ಸವರಿ. ಒದ್ದೆ ಕೂದಲಿನ ಮೇಲೆ ಹೆಲ್ಮೆಟ್ ಹಾಕಿದರೆ ಅದು ಒತ್ತಿದ ಆಕಾರದಲ್ಲೇ ಒಣಗುತ್ತದೆ. ಆದ್ದರಿಂದ ಪೂರ್ತಿ ಒಣಗಿಸಿಕೊಂಡು, ತೆಳು ಹತ್ತಿಬಟ್ಟೆ ಕಟ್ಟಿ ಹೆಲ್ಮೆಟ್ ಹಾಕಿಕೊಳ್ಳಿ. ಪಣಂಬೂರಿನಲ್ಲಿ ಸಮುದ್ರಕ್ಕೆ ಇಳಿಯುವ ಮೊದಲು ಸಿಹಿನೀರಿನಿಂದ ತಲೆ ನೆನೆಸಿಕೊಂಡರೆ ಕೂದಲು ಉಪ್ಪುನೀರನ್ನು ಅಷ್ಟಾಗಿ ಹೀರುವುದಿಲ್ಲ. ಬೆಂಗಳೂರಿನಲ್ಲಿ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸ್ನಾನ ಮಾಡುವವರು ತಿಂಗಳಿಗೊಮ್ಮೆ ಇಡಿಟಿಎ (ಗಡಸು ನೀರಿನ ಲವಣಗಳನ್ನು ಹಿಡಿದು ತೆಗೆಯುವ ವಸ್ತು) ಇರುವ ಶಾಂಪೂ ಬಳಸುವುದು ಒಳ್ಳೆಯದು.

ಗಲ್ಫ್‌ನಿಂದ ರಜೆಗೆ ಬರುವವರಿಗೆ ಸಮಯ ಕಡಿಮೆ ಎಂಬುದು ನಮಗೆ ಗೊತ್ತಿದೆ. ಹಾಗಿದ್ದರೂ ಸ್ಟ್ರೈಟನಿಂಗ್ ಮತ್ತು ಡೈ ನಡುವೆ ಎರಡು ವಾರದ ಅಂತರ ಇರಲೇಬೇಕು. ಕಪ್ಪು ಮೆಹಂದಿ ಹಚ್ಚುವವರು ಆ ಪೊಟ್ಟಣವನ್ನು ತಂದು ತೋರಿಸಿ. ಅದರಲ್ಲಿ ಲೋಹದ ಲವಣವಿದ್ದರೆ ನ್ಯೂಟ್ರಲೈಜರಿನ ಪೆರಾಕ್ಸೈಡ್ ಜೊತೆ ಸೇರಿ ಬಿಸಿಯೇರಿ ಕೂದಲನ್ನು ಸುಡಬಹುದು.

ಬುಡಕ್ಕೆ ಮಾತ್ರ ಮಾಡುವ ಕೆಲಸಕ್ಕೆ ಪೂರ್ತಿ ತಲೆಯ ದರದ ಅರ್ಧ ತೆಗೆದುಕೊಳ್ಳುತ್ತೇವೆ. ಕೆರಾಟಿನ್ ಟ್ರೀಟ್‌ಮೆಂಟಿಗೆ ಮುಂಗಡ ಕೊಟ್ಟಿರುವವರು ರಸೀದಿ ತೋರಿಸಿ ಆ ಹಣವನ್ನು ಹಿಂಪಡೆಯಬಹುದು.

ಇಂತಿ,
ಸಲೂನಿನ ಪಾಲುದಾರರು