ಇಂಗ್ಲಿಷ್ ಓದಿನಲ್ಲಿ ತೊಡಕುವ ಮಕ್ಕಳ ಕುರಿತು ಪಾಲಕರಿಗೆ ಪತ್ರ

ಧಾರವಾಡ

ಮಾನ್ಯ ಪಾಲಕರಿಗೆ,

ಸಾದರ ನಮಸ್ಕಾರಗಳು.

ಕಳೆದ ಪಾಲಕರ ಸಭೆಯಲ್ಲಿ ತಾಯಿಯೊಬ್ಬರು, "ಕನ್ನಡ ಹೆಂಗರ ಓದತಾನ್ರೀ ಸರ್, ಇಂಗ್ಲಿಷ್ ಪುಸ್ತಕ ತಗದ್ರ ಹೊಟ್ಟಿನೋವು ಅಂತಾನ" ಎಂದಾಗ ಕೆಲವರು ನಕ್ಕರು. ಆ ಹುಡುಗ ನೆಪ ಹೇಳುತ್ತಿಲ್ಲವೆಂದು ನನಗೆ ಅನ್ನಿಸಿದ್ದರಿಂದ ಈ ಪತ್ರ.

ಇಂಥ ತೊಡಕಿಗೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವಲ್ಲಿನ ನ್ಯೂನತೆ, ಕಾರಣವಿರಬಹುದು. ಅದು ಇರುವ ಮಗುವಿಗೆ ಬುದ್ಧಿ ಕಡಿಮೆ ಎಂದಲ್ಲ. ಮಾತಿನೊಳಗಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳಿಗೆ ಹೊಂದಿಸುವ ಕೆಲಸ ಆ ಮಗುವಿಗೆ ಕಷ್ಟವಾಗುತ್ತದೆ. ಕನ್ನಡವನ್ನು ಬಹುಮಟ್ಟಿಗೆ ಬರೆದಂತೆಯೇ ಓದುವುದರಿಂದ, ಒತ್ತು, ದೀರ್ಘಗಳಲ್ಲಿ ತಪ್ಪಿದರೂ ಅಂಥ ಮಗು ನಿಧಾನವಾಗಿ ಸಾಲು ಮುಗಿಸುತ್ತದೆ. ಇಂಗ್ಲಿಷಿನಲ್ಲಾದರೋ 26 ಅಕ್ಷರಗಳು ಸುಮಾರು 44 ಧ್ವನಿಗಳ ಭಾರ ಹೊರಬೇಕು: ಸಿ ಅಕ್ಷರ 'ಕ್ಯಾಟ್'ನಲ್ಲಿ ಕಕಾರವಾದರೆ 'ಸಿಟಿ'ಯಲ್ಲಿ ಸಕಾರ, 'ನೈಫ್'ನ ಮೊದಲ ಕೆ ಅಕ್ಷರಕ್ಕಂತೂ ಉಚ್ಚಾರವೇ ಇಲ್ಲ. ಹೀಗಾಗಿ ಕನ್ನಡದಲ್ಲಿ ಕಣ್ಣಿಗೆ ಬೀಳದ ತೊಡಕು ಇಂಗ್ಲಿಷಿನಲ್ಲಿ ಎದ್ದು ಕಾಣುತ್ತದೆ.

ಎಂಟನೆಯ ಇಯತ್ತೆಯ ಒಂದು ನೋಟ್‌ಬುಕ್ಕಿನಲ್ಲಿ 'ವಾಸ್' ಎಂಬ ಪದ ಒಂದೇ ಪುಟದಲ್ಲಿ ಮೂರು ರೂಪದಲ್ಲಿತ್ತು: ಒಮ್ಮೆ ಸರಿಯಾಗಿ, ಒಮ್ಮೆ ಹಿಂದುಮುಂದಾಗಿ 'ಸಾ' ಎಂದು, ಇನ್ನೊಮ್ಮೆ ಕಿವಿಗೆ ಕೇಳಿಸಿದಂತೆ ಝಡ್ ಹಾಕಿ. ರಬ್ಬರಿನಿಂದ ತಿಕ್ಕಿ ತಿಕ್ಕಿ ಹಾಳೆ ತೂತು ಬಿದ್ದಿತ್ತು. ಅದೇ ಪಾಠದ ಕಥೆಯನ್ನು ಬಾಯಿಂದ ಕೇಳಿದರೆ ಆ ಹುಡುಗ ಒಂದು ಎಳೆಯನ್ನೂ ಬಿಡದೆ ಹೇಳಿದ. ನೌಕರಿಯ ಮೊದಲ ವರ್ಷಗಳಲ್ಲಿ ಇಂಥ ತಪ್ಪಿಗೆ ನಾನೇ ಐವತ್ತು ಸಲ ಬರೆಸುತ್ತಿದ್ದೆ. ತಪ್ಪು ಪದವೇ ಐವತ್ತು ಸಲ ಕೈಗೆ ರೂಢಿಯಾಗುತ್ತಿತ್ತು.

ಈ ವರ್ಷದಿಂದ ಅಂಥ ಮಕ್ಕಳಿಗೆ ಮೊದಲು ಧ್ವನಿ, ನಂತರ ಅಕ್ಷರ ಎಂಬ ಕ್ರಮದಲ್ಲಿ ಕಲಿಸುತ್ತೇವೆ. ಬಿ ಮತ್ತು ಡಿ ಅಕ್ಷರಗಳನ್ನು ಒಂದೇ ದಿನ ಕಲಿಸದೆ, ಬೇರೆ ಬೇರೆ ವಾರಗಳಲ್ಲಿ ಬಾಯಿಂದ ಉಚ್ಚರಿಸುತ್ತ ಉಸುಕಿನ ತಟ್ಟೆಯಲ್ಲಿ ಬೆರಳಿನಿಂದ ತೀಡಿಸುತ್ತೇವೆ. ಅವರಾಗಿಯೇ ಕೈ ಎತ್ತದ ಹೊರತು ತರಗತಿಯ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸುವುದಿಲ್ಲ. ಘಟಕ ಪರೀಕ್ಷೆಯಲ್ಲಿ ಕೆಲವು ಉತ್ತರಗಳನ್ನು ಬಾಯಿಂದ ಕೇಳಿ ಅಂಕ ಕೊಡುತ್ತೇವೆ. ಇದು ಉಳಿದವರಿಗೆ ಅನ್ಯಾಯವೆಂದು ಯಾರಿಗಾದರೂ ಅನ್ನಿಸಿದರೆ, ಚಷ್ಮಾ ಹಾಕಿಕೊಂಡವನು ಪರೀಕ್ಷೆಯಲ್ಲಿ ಅದನ್ನು ತೆಗೆದಿಡಬೇಕೇ ಎಂದು ಯೋಚಿಸಬೇಕಾಗಿ ವಿನಂತಿ.

ಮನೆಯಲ್ಲಿ ಇನ್ನೊಂದು ಟ್ಯೂಷನ್ ಹಚ್ಚುವ ಮೊದಲು, ದಿನಕ್ಕೆ ಹತ್ತು ನಿಮಿಷ ಮಗುವಿನೊಂದಿಗೆ ಕುಳಿತು, ಇಂಗ್ಲಿಷ್ ಬಲ್ಲವರು ಯಾರಾದರೂ ಓದಿ ಹೇಳಿದರೆ ಸಾಕು. ಮನೆಯಲ್ಲಿ ಯಾರಿಗೂ ಬಾರದಿದ್ದರೆ ಸಂಕೋಚ ಬೇಡ. ಪಾಠವನ್ನು ಶಿಕ್ಷಕರ ದನಿಯಲ್ಲಿ ಮೊಬೈಲಿಗೆ ಕಳಿಸುತ್ತೇವೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವಿಕಲತೆಗಳಲ್ಲಿ ಡಿಸ್ಲೆಕ್ಸಿಯಾ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿ ಕೇಳಲು ಪ್ರಮಾಣಪತ್ರ ಬೇಕಾಗುವುದರಿಂದ, ತಪಾಸಣೆಯನ್ನು ಹತ್ತನೆಯ ಇಯತ್ತೆಯವರೆಗೆ ಮುಂದೂಡಬೇಡಿರಿ. ಎಲ್ಲಿ, ಹೇಗೆ ಎಂಬುದನ್ನು ಶಾಲೆಯಲ್ಲಿ ಪ್ರತ್ಯೇಕವಾಗಿ ತಿಳಿಸುತ್ತೇವೆ. ಮಗುವಿನ ಹೆಸರು ಬೇರೆಯವರ ಕಿವಿಗೆ ಬೀಳುವುದಿಲ್ಲ.

ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಮತ್ತು ಇಂಗ್ಲಿಷ್ ಶಿಕ್ಷಕಿಯವರು ಇಲ್ಲಿಯೇ ಇರುತ್ತೇವೆ. ಮಗುವಿನ ನೋಟ್‌ಬುಕ್ಕನ್ನು ಇದ್ದ ಹಾಗೆಯೇ ತನ್ನಿರಿ, ದಯವಿಟ್ಟು ತಿದ್ದಿಸಿ ತರಬೇಡಿರಿ.

ತಮ್ಮ ವಿಶ್ವಾಸಿ,
ಮುಖ್ಯಾಧ್ಯಾಪಕರು