ಆಲೆಮನೆಯ ಹಿರಿಯರ ಮಾತು ಉಳಿಯಲಿ

ಮಾನ್ಯ ಸಂಪಾದಕರೇ,

ಮಂಡ್ಯದ ಕಬ್ಬು ಎಂದರೆ ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆ, 1933ರ ಮೈಷುಗರ್ ಸಕ್ಕರೆ ಕಾರ್ಖಾನೆ ನೆನಪಾಗುತ್ತವೆ. ಸರಿಯೇ. ಆದರೆ ಆಲೆಮನೆಯ ಬೆಂಕಿ ಮುಂದೆ ಬೆಂದವರನ್ನು ನೆನೆಯುವವರು ಕಡಿಮೆ.

ಪಾಂಡವಪುರದ ನಮ್ಮ ತಾತ ಬದುಕಿಡೀ ಬೆಲ್ಲ ಕಾಯಿಸಿದರು. ಕೋಳಿ ಕೂಗುವ ಹೊತ್ತಿಗೆ ಗಾಣದ ಹತ್ತಿರ ಇರುತ್ತಿದ್ದರು. ಒಣಗಿದ ರಚ್ಚನ್ನು, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆಯನ್ನು, ಒಲೆಗೆ ತಳ್ಳುವುದು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿ ಬಂದಾಗ ಹದವಾಗಿ ಸುಣ್ಣ ಹಾಕುವುದು, ಮೇಲೆ ಬಂದ ಕೊಳೆ ತೆಗೆಯುವುದು. ಹಾಲು ತಿಳಿಯಾಗಲು ಬೆಂಡೆ ಗಿಡದ ಲೋಳೆಯನ್ನೂ ಬಳಸುತ್ತಿದ್ದರು. ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. ತಡವಾದರೆ ಬೆಲ್ಲ ಕಪ್ಪಾಗುತ್ತದೆ, ಬೇಗ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ. ಎಲ್ಲ ಕಣ್ಣಳತೆಯೇ. ಸುಮ್ನೆ ಬರುವ ವಿದ್ಯೆಯಲ್ಲ ಅದು. ಅಪ್ಪ, ಅತ್ತೆಯರು ಓದಿದ್ದು ಆ ದುಡಿಮೆಯಲ್ಲೇ.

ಈಗ ಬಣ್ಣ ಬರಲೆಂದು ಕೆಲವರು ಬೆಲ್ಲಕ್ಕೆ ರಾಸಾಯನಿಕ ಜಾಸ್ತಿ ಸುರಿಯುತ್ತಾರೆ. ಹಳೆಯ ಹದ ಬಲ್ಲವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಅಲ್ವಾ? ಅವರ ಮಾತನ್ನು ಮೊಬೈಲ್‌ನಲ್ಲಾದರೂ ರೆಕಾರ್ಡ್ ಮಾಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಇಡಬೇಕು. ಶಾಲೆ ಮಕ್ಕಳನ್ನೂ ಈ ಕೆಲಸಕ್ಕೆ ಕರೆದುಕೊಳ್ಳಲಿ.

– ಓರ್ವ ಓದುಗ, ಪಾಂಡವಪುರ