ಹಾಲು ಮೊದ್ಲು, ಬ್ರಶ್ಶು ಆಮೇಲೆ

ಸಂಪಾದಕರೇ,

ನಮ್ಮ ಮಂಡ್ಯ ಕಡೆ ಹಲ್ಲುಜ್ಜೋದು ಅಂದ್ರೆ ಬೆಳಗಿನ ಕೆಲಸ ಅಂತಾನೇ ಎಲ್ರ ತಲೇಲೂ ಕೂತಿರೋದು. ರಾತ್ರಿ ಸಕ್ಕರೆ ಹಾಕಿದ ಬಿಸಿ ಹಾಲು ಕುಡಿಸಿ, ಸೀರಿಯಲ್ ನೋಡ್ತಾ ನೋಡ್ತಾ ಮಗು ತೊಡೆ ಮೇಲೆ ನಿದ್ದೆ ಹೋಯ್ತು ಅಂದ್ರೆ ಮುಗೀತು. ಆದ್ರೆ ನಿದ್ದೇಲಿ ಬಾಯಲ್ಲಿ ಎಂಜಲು ಊರೋದೇ ಕಮ್ಮಿ, ಆ ಸಿಹಿ ತೊಳ್ದು ಹೋಗಲ್ಲ, ಅದಕ್ಕೇ ಬಾಟ್ಲಿ ಕಚ್ಕೊಂಡು ಮಲಗೋ ಮಕ್ಕಳಿಗೆ ಮೇಲಿನ ಮುಂದಿನ ಹಲ್ಲೇ ಮೊದ್ಲು ಹುಳುಕಾಗೋದು.

ಇದನ್ನ ಹೇಳಿದ್ರೆ ಅಜ್ಜಿಯರು 'ಬುಡವ್ವ, ಹಾಲಲ್ಲು ತಾನೆ, ಎಂಗಿದ್ರೂ ಬಿದ್ದೋಯ್ತವೆ' ಅಂತಾರೆ. ಮುಂದಿನವು 6-7 ವರ್ಷಕ್ಕೆ ಬೀಳ್ತವೆ ನಿಜ, ಆದ್ರೆ ದವಡೆ ಹಾಲುಹಲ್ಲು 10-12 ವರ್ಷದ ತನಕ ಇರ್ಬೇಕು, ಮುಂಚೆನೇ ಕೀಳಿಸಿದ್ರೆ ಜಾಗ ಮುಚ್ಕೊಂಡು ಒಳಗಿಂದ ಬರೋ ಹಲ್ಲು ಸೊಟ್ಟ ಬರುತ್ತೆ, ಆಮೇಲೆ ಕ್ಲಿಪ್ ಹಾಕ್ಸೋ ಖರ್ಚು ಯಾರು ಕೊಡ್ತಾರೆ ಸ್ವಾಮಿ?

ಹಾಗಂತ ಕಣ್ಣು ಎಳೀತಿರೋ ಮಗುನ ಬಚ್ಚಲಿಗೆ ಎಳ್ಕೊಂಡೋಗಿ ಬಾಯಿ ಅದುಮಿ ಉಜ್ಜಿದ್ರೆ ರಂಪಾಟನೇ ಗ್ಯಾರಂಟಿ, ನಿದ್ದೆನೂ ಹಾಳು. ನಮ್ಮನೇಲಿ ಊಟ ಆದ್ಮೇಲೆ ಹಾಲು, ಹಾಲಾದ್ಮೇಲೆ ಟಿವಿ ಮೊಬೈಲ್ ಆಫ್, ತೂಕಡಿಕೆ ಬರೋಕೆ ಮುಂಚೆನೇ ಬ್ರಶ್ಶು, ಅದಾದ್ಮೇಲೇ ಕಥೆ. ದಿನಾ ಇದೇ ಕ್ರಮ ಆದ್ರೆ ಮಗುಗೂ ಮುಂದೇನು ಅಂತ ಗೊತ್ತಿರುತ್ತೆ, ಹಠ ಕಮ್ಮಿ. ಬಚ್ಚಲಲ್ಲೇ ಆಗ್ಬೇಕು ಅಂತೇನಿಲ್ಲ, ಹಾಸಿಗೆ ಮೇಲೆ ತೊಡೇಲಿ ತಲೆ ಇಟ್ಟು ಮಲಗಿಸ್ಕೊಂಡ್ರೆ ಒಳಗೆಲ್ಲ ಚೆನ್ನಾಗಿ ಕಾಣುತ್ತೆ, ಮಗು ಕೈಗೂ ಒಂದು ಬ್ರಶ್ ಕೊಟ್ಬಿಡಿ, ಎರಡು ನಿಮಿಷಕ್ಕೆ ಯಾವುದಾದ್ರೂ ಹಾಡು ಹೇಳ್ಕೊಳಿ. ತಾನೇ ಉಜ್ಕೊತೀನಿ ಅಂದ್ರೆ ಉಜ್ಕೊಳ್ಲಿ, ಆದ್ರೆ 7-8 ವರ್ಷದವರೆಗೂ ಕೊನೇ ರೌಂಡು ದೊಡ್ಡೋರದ್ದೇ.

ಪೇಸ್ಟು ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು, ಹುಳುಕು ತಡೆಯೋ ಫ್ಲೋರೈಡ್ ಇರೋದೇ ತಗೊಳಿ. ಜಾಹೀರಾತಲ್ಲಿ ಬ್ರಶ್ ಉದ್ದಕ್ಕೂ ಬಳಿಯೋದು ಅವರ ವ್ಯಾಪಾರಕ್ಕೆ. ಉಗುಳೋಕೆ ಕಲ್ತ ಮಕ್ಕಳು ನೊರೆ ಉಗುಳಿದ್ರೆ ಸಾಕು, ಮತ್ತೆ ಮತ್ತೆ ನೀರು ಮುಕ್ಕಳಿಸಿದ್ರೆ ಫ್ಲೋರೈಡೂ ತೊಳ್ದೋಗುತ್ತೆ.

ಅಂಗನವಾಡೀಲಿ ಮಕ್ಕಳ ತೂಕ ನೋಡೋ ದಿನ ತಾಯಂದಿರು ಹೇಗೂ ಬಂದಿರ್ತಾರೆ. ಅವತ್ತು ಮಗು ಮೇಲ್ತುಟಿ ಎತ್ತಿ ನೋಡೋದನ್ನೂ ಟೀಚರ್ ಹೇಳ್ಕೊಟ್ರೆ ಒಳ್ಳೇದು. ಒಸಡಿನ ಪಕ್ಕ ಸುಣ್ಣ ಬಳಿದಂಗೆ ಬಿಳಿ ಗೆರೆ ಇದ್ರೆ ಹುಳುಕು ಶುರು ಆಗ್ತಿದೆ ಅಂತ, ಆ ಹಂತದಲ್ಲಿ ಡಾಕ್ಟ್ರಿಗೆ ತೋರ್ಸಿದ್ರೆ ಇನ್ನೂ ತಡೀಬಹುದು.

– ಒಬ್ಬ ತಾಯಿ, ಮಂಡ್ಯ